ಗಂಟೆಗೊಮ್ಮೆ ಆರುವ ಸರ್ವರ್ ಮತ್ತು ನಮ್ಮತ್ತೆಯ ಪೊರಕೆ

ಆರೋಗ್ಯ ಇಲಾಖೆಯ ಗಣಕ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮೂರಿನ ಆಸ್ಪತ್ರೆಯ ಸರ್ವರ್‌ಗೆ ನಿಮ್ಮ ವಿಭಾಗ ಹಾಕಿದ್ದು ಪ್ರಾಯೋಗಿಕ ಆವೃತ್ತಿ. ಹಾಕಿದ್ದೇವೆಂದು ಸಾರಿದ್ದು ಪೂರ್ಣ ಆವೃತ್ತಿ. ಇವೆರಡರ ಸಂದಿಯಲ್ಲಿ ಸಿಕ್ಕಿ ನುಗ್ಗಾದವರು ನಮ್ಮತ್ತೆ. ಇದು ಕೈತಪ್ಪೋ ಕೈಚಳಕವೋ ಎಂದು ನಾಲ್ಕು ಜನರ ಎದುರು ಕೇಳಲೆಂದೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಲಕೋಟೆಯಲ್ಲಿ ಕೇಳಿ ನೋಡಿಯಾಯಿತು, ಉತ್ತರವಿಲ್ಲ.

ಹೊಸ ಸರ್ವರ್ ಆಪರೇಟಿಂಗ್ ಸಿಸ್ಟಮ್ ಬಿಡುಗಡೆಯಾದಾಗ ಆಸ್ಪತ್ರೆಯ ಸಭಾಂಗಣದಲ್ಲಿ ತಾವು ಮಾಡಿದ ಭಾಷಣವನ್ನು ಹಿಂದಿನ ಸಾಲಿನಲ್ಲಿ ಅತ್ತೆಯ ಜೊತೆ ಕೂತು ನಾನೂ ಕೇಳಿದ್ದೆ. ದೊಡ್ಡ ಕಚೇರಿಗಳಿಗೆ ದೊಡ್ಡ ಆವೃತ್ತಿ, ಆಸ್ಪತ್ರೆಗಳಿಗೆ ಸಾಮಾನ್ಯ ಆವೃತ್ತಿ, ಇವೆರಡೂ ಪೂರ್ಣ; ಕೊಳ್ಳುವ ಮುನ್ನ ಬಳಸಿ ನೋಡುವವರಿಗೆ ಪ್ರಾಯೋಗಿಕ ಆವೃತ್ತಿ ಎಂದು ವಿವರಿಸಿದಿರಿ. "ಇಲ್ಲಿರೋದು ಪೂರ್ಣ ಆವೃತ್ತಿ. ಇದು ಸರ್ವರ್, ಅಂದ್ರೆ ಸರ್ವರದ್ದು!" ಎಂದು ಚಪ್ಪಾಳೆಯನ್ನೂ ಗಿಟ್ಟಿಸಿದಿರಿ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ಆವೃತ್ತಿ ಎಂಬ ಮಾತಿನಿಂದಲೇ ನನ್ನ ಒಲೆ ಉರಿಯುವುದು. ಎರಡನೆಯ ಆವೃತ್ತಿ ಎಂದರೆ ಮೊದಲನೆಯದರ ತಪ್ಪು ತಿದ್ದಿದ್ದು ಎಂದು ನಂಬಿ ಬದುಕಿದವಳು. ಓದುಗ ಅರ್ಧ ಓದಿರುವಾಗ ತಾನಾಗಿಯೇ ಮುಚ್ಚಿಕೊಳ್ಳುವ ಪುಸ್ತಕವನ್ನು ಎಂಥ ಜಿಪುಣ ಪ್ರಕಾಶಕನೂ ಈವರೆಗೆ ಅಚ್ಚು ಹಾಕಿಸಿಲ್ಲ.

ನಮ್ಮತ್ತೆ ಆ ಆಸ್ಪತ್ರೆಯಲ್ಲಿ ಕಸ ಗುಡಿಸಿ ನೆಲ ಒರೆಸುತ್ತಾರೆ. ಸರ್ವರ್ ಇರುವ ಸಣ್ಣ ಕೋಣೆಯೂ ಅವರ ಪಾಲಿನದೇ. ಬಿಡುಗಡೆಯಾಗಿ ಆರು ತಿಂಗಳು ಎಲ್ಲ ಸರಿಯಿತ್ತು. ಆಮೇಲೊಂದು ಬೆಳಿಗ್ಗೆ ಆ ಯಂತ್ರ ತಟ್ಟನೆ ಆರಿತು. ಹೊತ್ತಿಸಿದರು, ಗಂಟೆಯಾಗುತ್ತಲೇ ಮತ್ತೆ ಆರಿತು. ರೋಗಿಗಳ ವಿವರವೆಲ್ಲ ಇರುವುದು ಅದರ ಹೊಟ್ಟೆಯಲ್ಲೇ. ಹೆರಿಗೆ ವಾರ್ಡಿನ ನರ್ಸು, ರಕ್ತಸ್ರಾವವಾಗುತ್ತಿದ್ದ ಬಾಣಂತಿಯೊಬ್ಬಳ ರಕ್ತದ ಗುಂಪು ತಿಳಿಯದೆ ಪ್ರಯೋಗಾಲಯಕ್ಕೆ ಓಡಿದರು. ಅಲ್ಲಿಯೂ ಪರದೆ ಕಪ್ಪು. ಆ ಬಾಣಂತಿ ಉಳಿದದ್ದು ಆಕೆಯ ಅಣ್ಣನಿಗೆ ತಂಗಿಯ ರಕ್ತದ ಗುಂಪು ನೆನಪಿದ್ದುದರಿಂದ, ಅದನ್ನು ಮತ್ತೊಮ್ಮೆ ಪರೀಕ್ಷಿಸಲು ವೈದ್ಯರಿಗೆ ಸಮಯ ಸಿಕ್ಕಿದ್ದರಿಂದ. ನಿಮ್ಮ ಸಿಸ್ಟಮ್ಮಿನಿಂದಲ್ಲ.

ಆಸ್ಪತ್ರೆಯವರು ನಿಮ್ಮ ವಿಭಾಗಕ್ಕೆ ಫೋನು ಮಾಡಿದರು. ಬಂದ ಉತ್ತರ: "ನಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲ. ಆ ರೂಮಿಗೆ ಯಾರ್ಯಾರು ಹೋಗ್ತಾರೆ ನೋಡ್ಕೊಳ್ಳಿ." ಹೋಗುವವರು ಇನ್ನಾರು? ಅಧೀಕ್ಷಕರು ರೋಗಿಗಳು ತುಂಬಿದ್ದ ಮೊಗಸಾಲೆಯಲ್ಲೇ ನಮ್ಮತ್ತೆಯನ್ನು ನಿಲ್ಲಿಸಿಕೊಂಡರು.

"ಏನಮ್ಮಾ, ನಿನ್ನ ಪೊರಕೆಯಿಂದ ಇಡೀ ಆಸ್ಪತ್ರೆ ನಿಂತುಹೋಗಿದೆ. ವೈರ್ ಕಿತ್ತು ಹಾಕ್ತೀಯಾ?"

"ನನಗೂ ಆ ವೈರಿಗೂ ಯಾವ ವೈರ ಸ್ವಾಮಿ? ನಾನು ಅದನ್ನ ಮುಟ್ಟೋದೇ ಇಲ್ಲ."

ಸಂಜೆಯೊಳಗೆ, ನಿಮ್ಮ ಉತ್ತರವನ್ನೇ ಆಧಾರ ಮಾಡಿ ಅಧೀಕ್ಷಕರು ಬರೆದ ನಿರ್ಲಕ್ಷ್ಯದ ನೋಟಿಸು ಅತ್ತೆಯ ಕೈಗೆ ಬಂತು. ನನಗೂ ನಮ್ಮತ್ತೆಗೂ ಎಣ್ಣೆ ಸೀಗೆಕಾಯಿ. ಸಾರಿಗೆ ಉಪ್ಪು ಹೆಚ್ಚಾದರೆ ಮೂರು ದಿನ ಮಾತಿಲ್ಲ. ಆದರೆ ಅಂದು ಅವರು ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದು ನೋಡಿ ನನ್ನ ಹೊಟ್ಟೆಗೂ ಏನೂ ಇಳಿಯಲಿಲ್ಲ. "ಬಾಣಂತಿ ಜೀವಕ್ಕೆ ಕುತ್ತು ತಂದೋಳು ಅಂತ ಅಂದ್ಬಿಟ್ರಲ್ಲೇ," ಎಂದರು. ಅಷ್ಟೇ.

ಮರುದಿನ ನಾನು ರಜೆ ಹಾಕಿ ಅವರ ಜೊತೆಗೆ ಹೋದೆ. ಅವರು ನೇರವಾಗಿ ಅಧೀಕ್ಷಕರ ಕೋಣೆಗೆ ನುಗ್ಗಿ, ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು.

"ಇದೇನಮ್ಮಾ ಇದು?"

"ನಾನು ಇಲ್ಲೇ ಇರ್ತೀನಿ. ಆ ರೂಮಿಗೆ ಬೀಗ ಹಾಕಿ, ಕೀ ನೀವೇ ಇಟ್ಕೊಳ್ಳಿ. ಅದು ಆರುತ್ತೋ ಇಲ್ವೋ ನೋಡೋಣ."

ಬೀಗ ಬಿತ್ತು. ಕಾದೆವು. ಅಧೀಕ್ಷಕರು ಕಾಗದಗಳನ್ನು ಸುಮ್ಮನೆ ಮಗುಚುತ್ತಿದ್ದರು. ಕಡೆಗೆ ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿ, "ಸಾರ್, ಮತ್ತೆ ಹೋಯ್ತು," ಎಂದ. ನಮ್ಮತ್ತೆ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಟರು.

ಆಗ ಹೊರಗಿನಿಂದ ತಂತ್ರಜ್ಞನೊಬ್ಬನನ್ನು ಕರೆಸಿದರು. ಆತ ಸರ್ವರ್‌ಗೆ ಪರದೆಯೊಂದನ್ನು ಜೋಡಿಸಿ, ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳನ್ನು ನನಗೆ ತೋರಿಸಿದ: ಪ್ರಾಯೋಗಿಕ ಆವೃತ್ತಿ, ಅವಧಿ ಮುಗಿದಿದೆ. "ಇದು ಕೆಟ್ಟಿಲ್ಲ ಮೇಡಂ. ಅವಧಿ ಮುಗಿದ ಮೇಲೆ ಗಂಟೆಗೊಂದು ಸಲ ಆಫ್ ಆಗೋ ಹಾಗೇ ಮಾಡಿರೋದು." ನಿಮ್ಮ ವಿಭಾಗಕ್ಕೆ ಅಧೀಕ್ಷಕರೇ ಫೋನು ಮಾಡಿದರು. ಈ ಸಲ ಪೂರ್ಣ ಆವೃತ್ತಿಯ ಕೀಲಿಸಂಖ್ಯೆ ತಂತ್ರಜ್ಞನ ಚಹಾ ಆರುವ ಮೊದಲೇ ಬಂತು. ಅದನ್ನು ಹಾಕಿದ ಮೇಲೆ ಯಂತ್ರ ಒಮ್ಮೆಯೂ ನಿಂತಿಲ್ಲ.

ಮಾನ್ಯರೇ, ನನ್ನ ಅನುಮಾನ ಶುರುವಾಗುವುದೇ ಇಲ್ಲಿ. ಅಷ್ಟು ಬೇಗ ಬಂದ ಕೀಲಿ ಆರು ತಿಂಗಳು ಯಾರ ಡ್ರಾಯರಿನಲ್ಲಿ ಮಲಗಿತ್ತು? ಬಿಡುಗಡೆಯ ದಿನಾಂಕಕ್ಕೆ ರಿಬ್ಬನ್ ಕತ್ತರಿಸಬೇಕೆಂದು ಕೈಗೆ ಸಿಕ್ಕಿದ್ದನ್ನು ತುರುಕಿದಿರಾ? ಏನೂ ತಿಳಿಯದವರು "ತಿಳಿಯದು" ಎನ್ನುತ್ತಾರೆ. ರೂಮಿಗೆ ಹೋಗುವವರನ್ನು ನೋಡಿ ಎನ್ನುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಕಂಡಿದ್ದೇನೆ. ಪಕ್ಕದವರ ಹೆಗಲು ತೋರಿಸಿದವರನ್ನು ಇದೇ ಮೊದಲು ಕಂಡದ್ದು. ಬೇರೆ ಆಸ್ಪತ್ರೆಗಳಲ್ಲಿ ಇನ್ನೆಷ್ಟು ಪೊರಕೆಗಳ ಮೇಲೆ ಆರೋಪವಿದೆಯೋ!

ಆಮೇಲೆ ಬಂದ ನಿಮ್ಮ ವರದಿಯಲ್ಲಿ "ತಾಂತ್ರಿಕ ಅಡಚಣೆ ನಿವಾರಣೆಯಾಗಿದೆ" ಎಂದಿದೆ. ಅಡ್ಡಗೋಡೆಯ ಮೇಲೆ ಇಟ್ಟ ದೀಪ. ನೋಟಿಸು ಮಾತ್ರ ಹಾಗೇ ಇದೆ. ಅತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ, ಆದರೆ ದಾರಿಯಲ್ಲಿ ಸಿಕ್ಕವರು ಇಂದಿಗೂ "ವೈರ್ ಕಿತ್ತೋರು ಇವರೇ ಅಲ್ವಾ?" ಎನ್ನುತ್ತಾರೆ.

ಯಾವ ಆಸ್ಪತ್ರೆಯಲ್ಲಿ ಯಾವ ಆವೃತ್ತಿ ಇದೆಯೆಂದು ಬಹಿರಂಗಪಡಿಸಿ. ನೋಟಿಸನ್ನು ಹಿಂಪಡೆಯುವಂತೆ ಮಾಡಿ. ಅದೂ ಅಂಚೆಯಲ್ಲಲ್ಲ, ತಾವೇ ಬಂದು, ಅದೇ ಮೊಗಸಾಲೆಯಲ್ಲಿ, ರೋಗಿಗಳಿರುವ ಹೊತ್ತಿನಲ್ಲಿ, ತಪ್ಪು ಆಕೆಯದಲ್ಲವೆಂದು ಗಟ್ಟಿಯಾಗಿ ಹೇಳಿ.

ಇದನ್ನು ಅತ್ತೆಗೆ ಓದಿ ಹೇಳಿದೆ. ಕೇಳಿ, ಸ್ವಲ್ಪ ಯೋಚಿಸಿ, ಒಂದು ಮಾತು ಸೇರಿಸಲು ಹೇಳಿದರು: "ಬರೋದಾದ್ರೆ ಕಾಲು ಒರೆಸ್ಕೊಂಡು ಬರೋಕೆ ಹೇಳು. ನೆಲ ಒರೆಸೋಳು ನಾನೇ."

ಇಂತಿ, ಕರಡು ತಿದ್ದಿ ತಿದ್ದಿ ನಂಬಿಕೆ ಸವೆದ,
ಆಪಾದಿತೆಯ ಸೊಸೆ