ಕಾಸರಗೋಡಿನ ಪರವಾಗಿ

ಕೊಚ್ಚಿ
ಸೋಮವಾರ

ಚಂದ್ರಾವತಿ ಟೀಚರಿಗೆ ಕೃಷ್ಣಾನಂದನ ನಮಸ್ಕಾರಗಳು.

ಕೇರಳ ರಾಜ್ಯದ ಭಾಷಾ ಸಮಿತಿಯಲ್ಲಿ ಕಾಸರಗೋಡಿನ ಸ್ಥಾನಕ್ಕೆ ನಿಮ್ಮ ಬದಲು ನನ್ನನ್ನು ಹಾಕಿದಾಗ, "ಒಳ್ಳೆದಾಯ್ತು ಮಾರಾಯ್ರೆ, ನಿಮಗೆ ತಿರುವನಂತಪುರ ಹತ್ತಿರ" ಎಂದು ನೀವು ಫೋನಿನಲ್ಲಿ ನಕ್ಕಿದ್ದಿರಿ. ಅವರು ನನ್ನನ್ನು ಆರಿಸಿದ್ದೂ ಅದಕ್ಕೇ. ಕಾಸರಗೋಡಿನಲ್ಲಿ ಹುಟ್ಟಿದವನು ಎಂಬುದಷ್ಟೇ ನನ್ನ ಅರ್ಹತೆ. ಉಳಿದ ಆಯುಸ್ಸೆಲ್ಲ ಇಲ್ಲಿಯ ಬ್ಯಾಂಕಿನಲ್ಲಿ ಕಳೆದಿದೆ.

ಶುಕ್ರವಾರ ತಿರುವನಂತಪುರದ ಸಭೆಯಲ್ಲಿ ನಿಮ್ಮ ಕನ್ನಡ ಶಾಲೆಯ ವಿಷಯ ಕೊನೆಗೆ ಬಂತು. ಕನ್ನಡ ಬಲ್ಲವರು ಸಿಗುವವರೆಗೆ ಒಂದನೇ ತರಗತಿಗೆ ಮಲಯಾಳಂ ಮಾತ್ರ ಬಲ್ಲ ಟೀಚರನ್ನು ಕಳಿಸುವುದೆಂದರು. ಅಧ್ಯಕ್ಷರು ನನ್ನ ಕಡೆ ತಿರುಗಿ, "ಕಾಸರಗೋಡಿನದು ವಿರೋಧ ಇಲ್ಲವಲ್ಲ, ಸಾರೇ?" ಎಂದು ಕೇಳಿದರು. ನನಗೆ ಕೊಚ್ಚಿಯ ರೈಲಿಗೆ ಹೊತ್ತಾಗಿತ್ತು. ಇಲ್ಲ ಎಂದುಬಿಟ್ಟೆ.

ರೈಲು ತಡವಾಗಿ ಬಂತು. ಮೊದಲ ದಿನ ಬಾಯಾರಿದರೆ ಆ ಮಕ್ಕಳು ನೀರನ್ನು ಹೇಗೆ ಕೇಳುತ್ತಾರೆ ಎಂಬ ಯೋಚನೆ ನನಗೆ ಬಂದದ್ದು ಪ್ಲಾಟ್‌ಫಾರ್ಮಿನಲ್ಲಿ ಕಾಯುವಾಗ.

ಆದೇಶ ಇನ್ನೂ ಹೊರಟಿಲ್ಲ. ತಂದೆತಾಯಂದಿರ ಸಹಿ ಹಾಕಿಸಿ ಆಕ್ಷೇಪ ಬೇಗ ಕಳಿಸಿ. ಸಭೆಯಲ್ಲಿ ಒಪ್ಪಿದವನು ಯಾರನ್ನೂ ಕೇಳದೆ ಒಪ್ಪಿದ ಎಂದು ಅದರಲ್ಲಿ ಬರೆಯಿರಿ. ದಾಕ್ಷಿಣ್ಯಕ್ಕೆ ನನ್ನ ಹೆಸರನ್ನು ಬಿಡಬೇಡಿ.

ಇತಿ,
ಕೃಷ್ಣಾನಂದ