ಅಪ್ಪನ ಧಾಟಿ, ಐದು ಗೆರೆಗಳ ಮೇಲೆ

ಜೂನ್ ೧೪, ಭಾನುವಾರ

ಪ್ರೀತಿಯ ಅಪ್ಪನಿಗೆ,

ಹೇಗಿದ್ದೀಯ? ಅಮ್ಮನ ಮಂಡಿನೋವು ಹೇಗಿದೆ? ಪತ್ರ ತಡವಾಯಿತು. ಕೆಲಸ ಜಾಸ್ತಿ ಇತ್ತು ಎಂದರೆ ಸುಳ್ಳಾಗುತ್ತದೆ. ಒಂದು ಕಡೆ ಕೂರುವುದು ನನ್ನಿಂದ ಆಗದ ಮಾತು; ಶಾಲೆ ಬಿಟ್ಟಿದ್ದೂ ಅದಕ್ಕೇ ಅಲ್ಲವೇ?

ಈಗ ನೀನು ನಗುತ್ತೀಯ. ವಾದ್ಯ ರಿಪೇರಿ ಅಂಗಡಿಯ ಕೆಲಸ ಮುಗಿದ ಮೇಲೆ ದಿನಾ ಕೂತು ಓದುತ್ತಿದ್ದೇನೆ, ಸಂಗೀತದ ಲಿಪಿ. ನಾವು ಬೀದಿಯಲ್ಲಿ ಆಡುತ್ತಿದ್ದಾಗ ಊಟಕ್ಕೆ ಕರೆಯಲು ನೀನು ಕಿಟಕಿಯಲ್ಲಿ ನಿಂತು ಟ್ರಂಪೆಟ್ ಊದುತ್ತಿದ್ದೆಯಲ್ಲ, ಆ ಧಾಟಿಯನ್ನು ಕಾಗದಕ್ಕೆ ಇಳಿಸಲೇಬೇಕು ಎನ್ನಿಸಿತು. ನಿನ್ನ ಬೆರಳು ಬಿಟ್ಟರೆ ಅದು ಬೇರೆಲ್ಲೂ ಇಲ್ಲ.

ನೀನೂ ಕಲಿತುಕೋ, ಕಷ್ಟವಿಲ್ಲ. ಅಡ್ಡಕ್ಕೆ ಐದು ಗೆರೆ. ಚುಕ್ಕೆ ಮೇಲೇರಿದರೆ ಸ್ವರವೂ ಏರುತ್ತದೆ. ಗೆರೆಯ ಮೇಲೊಂದು, ಗೆರೆಗಳ ನಡುವೆ ಒಂದು, ಏಣಿ ಹತ್ತಿದ ಹಾಗೆ. ಚುಕ್ಕೆಯ ಹಿಂದೆ ಶಾರ್ಪ್ ಗುರುತಿದ್ದರೆ ಅರ್ಧ ಮೆಟ್ಟಿಲು ಮೇಲೆ, ಫ್ಲ್ಯಾಟ್ ಇದ್ದರೆ ಅರ್ಧ ಮೆಟ್ಟಿಲು ಕೆಳಗೆ. ಸಾಲಿನ ಮೊದಲಲ್ಲಿ ಒಂದು ಸುರುಳಿ, ಥೇಟ್ ಕಿವಿಯ ಹಾಗೆ. ಕೆಳಗಿನಿಂದ ಎರಡನೇ ಗೆರೆಯನ್ನು ಅದು ಸುತ್ತಿಕೊಂಡು 'ಇದು ಜಿ ಎಂಬ ಸ್ವರ' ಎನ್ನುತ್ತದೆ. ಉಳಿದದ್ದನ್ನು ಅಲ್ಲಿಂದ ಎಣಿಸಿಕೊಂಡರಾಯಿತು.

ಮೊನ್ನೆ ಬರೆದು ಮುಗಿಸಿದೆ. ಲಿಪಿ ಹೇಳಿಕೊಡುವ ಪಿಯಾನೊ ಟೀಚರ್ ಅಂಗಡಿಗೆ ಬಂದಿದ್ದರು. ಒಂದೇ ಹಾಳೆ ನೋಡಿಕೊಂಡು ಅವರು ಪಿಯಾನೊ ನುಡಿಸಿದರು, ನಾನು ಟ್ರಂಪೆಟ್ ಊದಿದೆ.

"ನಿಲ್ಸ್ರಮ್ಮ, ಬೆಕ್ಕಿನ ಜಗಳ ಕೇಳ್ದಂಗಿದೆ," ಎಂದರು ಅಂಗಡಿಯ ಯಜಮಾನರು, ಕ್ಲಾರಿನೆಟ್ ಒರೆಸುತ್ತಲೇ.

"ನಾನು ಹಾಳೇಲಿ ಇರೋದನ್ನೇ ಊದಿದ್ದು," ಎಂದೆ.

"ನಾನೂ ಇರೋದನ್ನೇ ನುಡಿಸಿದ್ದು ಕಣೇ," ಎಂದ ಟೀಚರಿಗೆ ಆಮೇಲೆ ನಗು ಬಂತು. "ಟ್ರಂಪೆಟ್ಟಿನೋರು ಸಿ ಅಂತ ಬರ್ಕೊಳ್ಳೋದು ನನ್ನ ಪಿಯಾನೊದಲ್ಲಿ ಬಿ ಫ್ಲ್ಯಾಟ್, ಒಂದು ಮೆಟ್ಟಿಲು ಕೆಳಗೆ. ಹೇಳೋದೇ ಮರ್ತೆ ನೋಡು."

"ಹಾಗಾದ್ರೆ ಎಲ್ಲಾ ಅಳಿಸಿ ಬರೀಬೇಕಾ?"

"ಇದನ್ನ ಓದೋರು ಯಾರು?"

"ನಮ್ಮಪ್ಪ."

"ಅವರು ಊದೋದು ಟ್ರಂಪೆಟ್ ತಾನೆ? ಒಂದು ಚುಕ್ಕೆನೂ ಮುಟ್ಟಬೇಡ."

ಹಾಳೆ ಇದರ ಜೊತೆಗಿದೆ. ಪ್ರತಿ ಚುಕ್ಕೆಯ ಕೆಳಗೆ ಯಾವ ಗುಂಡಿ ಒತ್ತಬೇಕೆಂದು ಬರೆದಿದ್ದೇನೆ. ಕೊನೆಯ ಸ್ವರವನ್ನು ನೀನು ಬೇಕೆಂದೇ ಎಳೆಯುತ್ತಿದ್ದೆ, ಅದನ್ನೂ ಬಿಟ್ಟಿಲ್ಲ. ತಪ್ಪಿದ್ದರೆ ಬಯ್ದು ಬರೆ.

ಅಮ್ಮನಿಗೂ ನಿನಗೂ ನಮಸ್ಕಾರ. ನೀನು ತಲೆ ಸವರಿದೆ ಎಂದುಕೊಂಡು ಆಶೀರ್ವಾದವನ್ನು ನಾನೇ ತೆಗೆದುಕೊಂಡಿದ್ದೇನೆ.

ನಿನ್ನ ಮಗಳು,
ಬುಗುರಿ

ತಾ.ಕ.: ನಿನಗೆ ಈಗ ಇನ್ನೊಂದು ಕಿವಿಯೂ ಕೇಳಿಸುತ್ತಿಲ್ಲ, ಟ್ರಂಪೆಟ್ಟನ್ನು ಅಟ್ಟಕ್ಕೆ ಹಾಕಿದ್ದೀಯ ಎಂದು ಅಮ್ಮ ಹೋದ ತಿಂಗಳೇ ಹೇಳಿದಳು. ನನಗೆ ತಿಳಿಸಬೇಡ ಎಂದಿದ್ದೆಯಂತೆ. ಗೊತ್ತಿಲ್ಲದವಳಂತೆ ನಟಿಸಲು ನನಗೆ ಬರುವುದಿಲ್ಲ. ನಾನು ಲಿಪಿ ಕಲಿತದ್ದೇ ಅದಕ್ಕೆ. ಟ್ರಂಪೆಟ್ ಕೆಳಗಿಳಿಸು. ಕಣ್ಣಿಂದ ಓದು, ಬೆರಳಿಗೆ ದಾರಿ ಗೊತ್ತಿದೆ. ಶನಿವಾರ ಊಟದ ಹೊತ್ತಿಗೆ ಬರುತ್ತೇನೆ. ನೀನು ಊದುವವರೆಗೆ ಬೀದಿಯಲ್ಲೇ ಇರುತ್ತೇನೆ.