ಬೆಳ್ಳಿ ಕಿತ್ತ ವೃತ್ತ

ರಜಬ್ ೯, ಮಧ್ಯಾಹ್ನದ ನಮಾಜಿನ ನಂತರ

ಅಮೀರ್ ಯಲ್ದುಜ್ ಮನೆಯ ಮದುವೆ ಸಾಮಾನು ಇದುವರೆಗೆ ನನ್ನಿಂದ ತಿಂದದ್ದು: ಒಂದು ಜೊತೆ ಚಪ್ಪಲಿ. ಅರ್ಧ ಗಂಟಲು. ನನ್ನಂತೆಯೇ ದಲ್ಲಾಳಿಯಾದ ಸಾದಿಯಾಳ ಸ್ನೇಹ — ಈ ಕೆಲಸ ಅವಳ ಕೈಯಿಂದ ಕಿತ್ತುಕೊಂಡದ್ದಕ್ಕೆ. ಎಡ ಮಂಡಿ. ಇನ್ನೂ ಒಂದು ತಟ್ಟೆಯೂ ಆ ಮನೆ ಮುಟ್ಟಿಲ್ಲ.

ಇವತ್ತೂ ಅದೇ ಓಡಾಟ. ಸುಲ್ತಾನರ ಕೋಟೆಯ ಕೆಳಗಿನ ಅಮೀರರ ಮನೆಯಿಂದ ಹಿತ್ತಾಳೆ ಬೀದಿಗೆ, ಬೀದಿಯಿಂದ ಮನೆಗೆ. ದೊಡ್ಡ ಮನೆಯ ಹೆಂಗಸರು ಪೇಟೆಗೆ ಬರುವುದಿಲ್ಲ. ಪೇಟೆಯೇ ನನ್ನ ಕಾಲ ಮೇಲೆ ಅವರ ಬಳಿ ಹೋಗಬೇಕು. ಮಗಳು ಶಕ್ರಾಳ ಮದುವೆ ಮೆರವಣಿಗೆ ಮುಂದಿನ ತಿಂಗಳು, ಶಾಬಾನ್ ಇಪ್ಪತ್ತಕ್ಕೆ. ಬೋಗುಣಿ, ಹೂಜಿ, ಧೂಪದಾನಿ, ದೊಡ್ಡ ತಟ್ಟೆ, ಜೋಡಿ ದೀಪಸ್ತಂಭ. ಎಲ್ಲ ಹಿತ್ತಾಳೆ, ಎಲ್ಲದಕ್ಕೂ ಬೆಳ್ಳಿಯ ಕುಸುರಿ. ಮಾಡುವವರು ಉಸ್ತಾದ್ ಬದ್ರಾನ್. ಕುಸುರಿಗೆ ಹೆಸರಾದ ಮೋಸುಲಿನವನೆಂದು ಎದೆ ತಟ್ಟಿಕೊಳ್ಳುತ್ತಾರೆ. ಮೋಸುಲಿನಿಂದ ಬಂದದ್ದು ಅವರಜ್ಜ. ಇವರು ಕೈರೋದ ಬಾಗಿಲು ದಾಟಿದ್ದೇ ಅಪರೂಪ.

ರಜಬ್ ೧೧

ಒಂದು ಉಪಾಯ ಹೊಳೆಯಿತು. ಅಮೀರರ ಮನೆಯ ಗುರುತು ಬಟ್ಟಲು — ಹಿಂದೆ ಸುಲ್ತಾನರಿಗೆ ಪಾನಕ ಕೊಡುವ ಕೆಲಸದಲ್ಲಿದ್ದರಲ್ಲ, ಅದಕ್ಕೆ. ಹೋದ ತಿಂಗಳು ಬಡ್ತಿ. ಈಗ ಸುಲ್ತಾನರ ಕತ್ತಿ ಹೊರುವವರು. ಹಳೆ ಗುರುತೇಕೆ? ಪ್ರತಿ ಸಾಮಾನಿನ ನಡುವಿನ ವೃತ್ತದೊಳಗೆ ಕತ್ತಿ ಇಟ್ಟರೆ ಮನೆಯವರು ಹಿಗ್ಗಿಯಾರು. ಇನಾಮೂ ಬಂದೀತು.

“ಮನೇವ್ರನ್ನ ಕೇಳಿದ್ಯಾ ಹಮ್ದೂನಮ್ಮ?” ಅಂದರು ಉಸ್ತಾದ್.

“ಬಡ್ತಿ ಸಿಕ್ಕಿದ್ದು ಊರಿಗೇ ಗೊತ್ತು. ಇನ್ನೇನು ಕೇಳೋದು?”

“ಗುರುತು ಅನ್ನೋದು ತಲೆ ಮೇಲಿನ ಪೇಟ ಅಲ್ಲ, ದಿನಾ ಬದ್ಲಾಯ್ಸಕ್ಕೆ.”

“ನೀವು ಕೆತ್ತಿ. ಬೈಸ್ಕೊಳ್ಳೋ ಕೆಲಸ ನನಗಿರಲಿ.”

ಕೆತ್ತಿದರು.

ರಜಬ್ ೨೬

ಬೈಸಿಕೊಂಡೆ.

ಸಾಮಾನೆಲ್ಲ ಮನೆಯಂಗಳದಲ್ಲಿ ಹರಡಿದೆ. ಸುತ್ತಲೂ ಬೆಳ್ಳಿಯ ದಪ್ಪಕ್ಷರದಲ್ಲಿ ಬಿರುದುಗಳ ಸಾಲು — ಮಹಾ ಅಮೀರ, ಧರ್ಮವೀರ, ಗಡಿಗಳ ಕಾವಲಿಗ... ರೂಢಿಯಂತೆ ಹೆಸರು ಮಾತ್ರ ಇಲ್ಲ. ಯಾವ ಮನೆಯದೆಂದು ಹೇಳುವುದು ಆ ವೃತ್ತದೊಳಗಿನ ಗುರುತೇ. ಅಮೀರರ ಹೆಂಡತಿ ಕುತ್ಲೂ ಅಮ್ಮನವರು ನೋಡಿದರು. ಎದ್ದು ಹೋಗಿ ಅಮೀರರನ್ನೇ ಕರೆತಂದರು. ನಾನು ಮುಸುಕೆಳೆದುಕೊಂಡೆ.

“ಇದು ಯಾರ ಮನೆ ತಟ್ಟೆ?” ಅಂದರು ಅಮೀರರು.

“ನಿಮ್ಮದೇ ಧಣಿ. ಬಡ್ತಿ ಸಿಕ್ತಲ್ಲ, ಅದಕ್ಕೆ...”

“ಕತ್ತಿ ನಾಳೆ ಇನ್ನೊಬ್ಬನ ಹೆಗಲಿಗೆ ಹೋಗತ್ತೆ. ಬಟ್ಟಲು ಹಿಂದಿನ ಸುಲ್ತಾನ್ರು ಕೊಟ್ಟಿದ್ದು. ನಾನು ಅವರು ಸಂತೇಲಿ ಕೊಂಡ ಗುಲಾಮ ಹುಡುಗ. ಅಪ್ಪ ಅಮ್ಮ ಯಾರು, ಊರು ಯಾವುದು, ಗೊತ್ತಿಲ್ಲ. ನನ್ನ ಮಕ್ಕಳಿಗೆ ವಂಶ ಅಂತ ಇರೋದು ಆ ಬಟ್ಟಲು ಒಂದೇ.”

ಕೂಗಲಿಲ್ಲ. ಕೂಗಿದ್ದರೆ ವಾಸಿ ಇತ್ತು.

ಅಮ್ಮನವರು ಬಾಗಿಲ ತನಕ ಬಂದರು. “ವರನ ತಾಯಿ ಜೌಹರಾ ಎಂಥೋಳು ಅಂತ ಗೊತ್ತಲ್ಲ? ಸೊಸೆಗಿಂತ ಮುಂಚೆ ಅವಳ ಹಿತ್ತಾಳೆ ಹೊಸಲು ದಾಟ್ಬೇಕು ಅಂದಿದಾಳೆ. ಇಪ್ಪತ್ತಕ್ಕೆ ಸಾಮಾನು ಬರ್ದಿದ್ರೆ ಮದ್ವೆ ಇಲ್ಲ. ನನ್ನ ಮಗಳ ಬಾಳು ನಿನ್ನ ಕೈಲಿದೆ ಹಮ್ದೂನಾ.”

ರಜಬ್ ೨೭

ಉಸ್ತಾದರ ಅಂಗಡಿ. ಸಾಮಾನೆಲ್ಲ ವಾಪಸು ತಂದಿಟ್ಟು, ಕತ್ತಿ ತೆಗೆದು ಬಟ್ಟಲು ಕೂರಿಸಬೇಕೆಂದು ಹೇಳಿದೆ. ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

“ಬೆಳ್ಳಿ ಅಂದ್ರೆ ಗೋಡೆಗೆ ಬಳಿದ ಸುಣ್ಣ ಅಂದ್ಕೊಂಡ್ಯಾ? ಹಿತ್ತಾಳೇಲಿ ಗುಳಿ ತೋಡಿ, ಅಂಚಿಗೆ ಹಲ್ಲು ಮಾಡಿ, ತಗಡು ಕೂರ್ಸಿ ಬಡ್ದಿರ್ತೀನಿ. ಕಿತ್ರೆ ಗಾಯ ಉಳಿಯತ್ತೆ. ಕತ್ತಿ ಗಾಯದೊಳಗೆ ಬಟ್ಟಲು ಹುಟ್ಟಿಸ್ಬೇಕು ಈಗ ನಾನು.”

“ಮೋಸುಲಿನವರಿಗೆ ಕಷ್ಟವಾ ಉಸ್ತಾದ್?”

“ಹೊಗಳ್ಬೇಡ. ಹೊಗಳಿಕೆಗೆ ಬೆಳ್ಳಿ ಕರಗಲ್ಲ.”

ಆದರೂ ಕೈ ಉಳಿಯತ್ತ ಹೋಯಿತು. ಬಡಾಯಿಯವರನ್ನು ಕೆಲಸಕ್ಕೆ ಹಚ್ಚುವುದು ಸುಲಭ. ಕಾಯುವುದು ಕಷ್ಟ.

ಶಾಬಾನ್ ೬

ಬೋಗುಣಿ, ಹೂಜಿ, ಧೂಪದಾನಿ ಮುಗಿದವು. ಕತ್ತಿಯ ಉದ್ದದ ಗಾಯ ಬಟ್ಟಲಿನ ಕಾಲೊಳಗೆ ಅಡಗಿಹೋಗಿದೆ. ಮನೆಗೆ ಮುಟ್ಟಿಸಿದೆ. ಅಮೀರರು ಕೂತಲ್ಲೇ ಬಟ್ಟಲಿನ ಮೇಲೆ ಹೆಬ್ಬೆರಳಾಡಿಸಿದರು. ನನ್ನತ್ತ ನೋಡಲಿಲ್ಲ. ಉಳಿದದ್ದು ದೊಡ್ಡ ತಟ್ಟೆ, ದೀಪಸ್ತಂಭಗಳು — ಅವುಗಳ ಮೇಲಿನ್ನೂ ಕತ್ತಿಯೇ.

ಮನೆಯ ಕಾವಲಿನವರು ಮುಖ ಕೊಟ್ಟು ಮಾತಾಡುವುದಿಲ್ಲ. ಈ ಹೊತ್ತಲ್ಲಿ ಅಮೀರರು ಕೋಟೆಯಲ್ಲಿರಬೇಕಿತ್ತು, ಮನೆಯಲ್ಲಿ ಕೂತಿದ್ದೇಕೆ? ಕೇಳುವ ಬಾಯಿ ನನಗಿದೆ. ಇವತ್ತು ತೆರೆಯಲಿಲ್ಲ.

ಶಾಬಾನ್ ೯

ಹಿಡಿದರು. ಸುಲ್ತಾನರು ಅಮೀರರನ್ನು ಕೋಟೆಗೆ ಕರೆಸಿಕೊಂಡು, ಉಣ್ಣಲು ಕೂರಿಸಿ, ಹಿಡಿದರು. ಅಲೆಕ್ಸಾಂಡ್ರಿಯಾದ ಸೆರೆಮನೆಗೆ ಸಾಗಿಸಿದ್ದಾರಂತೆ. ಏನು ತಪ್ಪೋ — ಒಬ್ಬೊಬ್ಬರ ಬಾಯಲ್ಲಿ ಒಂದೊಂದು.

ಮನೆಗೆ ಮುದ್ರೆ. ಬಟ್ಟಲಿನ ಗುರುತಿದ್ದದ್ದೆಲ್ಲ ಹೇಸರಗತ್ತೆಗಳ ಮೇಲೆ ಸುಲ್ತಾನರ ಖಜಾನೆಗೆ. ನಮ್ಮ ಬೋಗುಣಿ ಹೋಯಿತು, ಹೂಜಿ ಹೋಯಿತು. ಬೀದಿಯಲ್ಲಿ ನಿಂತು ನೋಡಿದೆ. ಅಮ್ಮನವರನ್ನೂ ಶಕ್ರಾಳನ್ನೂ ಉಟ್ಟ ಬಟ್ಟೆಯಲ್ಲೇ ಹೊರಗೆ ಕಳಿಸಿದರು. ಹಳೆಯ ದಾದಿಯ ಮನೆ ಸೇರಿದ್ದಾರೆ.

ಶಾಬಾನ್ ೧೦

ವರನ ತಾಯಿಯ ಕಾಲು ಹಿಡಿಯಲು ಹೋದೆ. ಜೌಹರಾ ದಾಳಿಂಬೆ ಬಿಡಿಸುತ್ತಾ ಕೂತಿದ್ದಳು. ಸೈನಿಕನ ವಿಧವೆ; ಕಣ್ಣೀರಿಗೆ ಕರಗುವ ಪೈಕಿಯಲ್ಲ.

“ಅಮೀರ ಬಿದ್ದ ಅಂತ ನಾನು ಮಾತು ಮುರಿಯಲ್ಲ. ಆದ್ರೆ ಬರಿಗೈಲಿ ಬಂದ ಸೊಸೇನ ನಾದಿನೀರು ಸಾಯೋವರೆಗೂ ತಿಂತಾರೆ. ಹಿತ್ತಾಳೆ ಮುಂದೆ ಬರಲಿ, ಹುಡುಗಿ ಹಿಂದೆ ಬರಲಿ. ಎಷ್ಟಿದ್ರೂ ಸರಿ.”

ಎಷ್ಟಿದ್ದರೂ ಸರಿ! ನೆಗೆದುಬಿಟ್ಟೆ. ಅಂಗಡಿಯಲ್ಲಿ ತಟ್ಟೆ ಇದೆ, ದೀಪಸ್ತಂಭಗಳಿವೆ. ಹೆಸರಿಲ್ಲ, ಬಟ್ಟಲಿಲ್ಲ. ನನ್ನ ದಡ್ಡತನದ ಕತ್ತಿ ಇನ್ನೂ ಅಲ್ಲೇ ಇದೆ. ಅವು ಯಲ್ದುಜ್ ಮನೆಯವೆಂದು ಯಾರು ಹೇಳಿಯಾರು?

ಶಾಬಾನ್ ೧೩

ಮುಟ್ಟುಗೋಲಿನ ಅಧಿಕಾರಿ ಬೀದಿಗೇ ಬಂದ. ಮೊದಲು ಉಸ್ತಾದರ ಅಂಗಡಿ.

“ಬಟ್ಟಲಿನ ಗುರುತಿನದು ಏನಿದೆ, ತೆಗೀರಿ.”

“ಒಂದೂ ಇಲ್ಲಪ್ಪ, ಹುಡುಕ್ಕೋ,” ಅಂದೆ. ಸುಳ್ಳಲ್ಲದ್ದರಿಂದ ಧ್ವನಿ ಗಟ್ಟಿಯಾಗೇ ಬಂತು.

ಅವನ ಕಣ್ಣು ತಟ್ಟೆಯ ಮೇಲೆ ಕೂತಿತು. “ಈ ಕತ್ತಿ ಯಾರದು?”

“ಮಾರಾಟದ್ದು. ಕತ್ತಿ ಹೊರೋ ಧಣಿಗಳು ಊರಲ್ಲಿ ಕಡಿಮೆನಾ? ಯಾರು ಮುಂದೆ ಬಂದ್ರೆ ಅವ್ರದ್ದು.”

ಅಲ್ಲೇ ನಿಲ್ಲಿಸಬೇಕಿತ್ತು. ನನ್ನ ನಾಲಿಗೆ ನಿಂತದ್ದು ಯಾವಾಗ?

ಅವನು ನಕ್ಕ. “ನನ್ನನ್ನ ಕಳ್ಸಿರೋ ಅಮೀರರೂ ಕತ್ತಿಯೋರೇ. ಹಂಗಾದ್ರೆ ಇದು ಅವರದ್ದು. ದೀಪಸ್ತಂಭಾನೂ.”

“ಬೆಲೆ...”

“ನಮ್ಮ ಅಮೀರರು ಕೊಳ್ಳಲ್ಲಮ್ಮ. ಒಪ್ಪಿಸ್ಕೋತಾರೆ.”

ಮೂವತ್ತು ವರ್ಷ ಮಾತು ಮಾರಿ ಬದುಕಿದವಳು ಒಂದೇ ಮಾತಿಗೆ ತಟ್ಟೆ ಕಳೆದುಕೊಂಡೆ. ಉಸ್ತಾದ್ ತಟ್ಟೆಯನ್ನು ಮಡಿಲಿಗೆಳೆದುಕೊಂಡರು.

“ಈ ಕತ್ತಿ ಸರಿಯಾಗಿ ಕಚ್ಚಿಲ್ಲ. ಅಮೀರರ ಮುಂದೆ ಉದುರಿದ್ರೆ ನನ್ನ ತಲೆ ಹೋಗತ್ತೆ. ನೋಡು.”

ಉಳಿಯ ಮೂತಿ ಬೆಳ್ಳಿಯಡಿಗೆ ತೂರಿತು. ಚೆನ್ನಾಗಿ ಕಚ್ಚಿತ್ತು ಅದು. ಕತ್ತಿನ ನರ ಉಬ್ಬುವಷ್ಟು ಬಲ ಹಾಕಬೇಕಾಯಿತು. ಕಿತ್ತರು. ದೀಪಸ್ತಂಭಗಳದ್ದೂ ಕಿತ್ತರು. ವೃತ್ತದೊಳಗೆ ಬರಿ ಗೀರು ಗಾಯ.

“ತಿಂಗಳು ಬಿಟ್ಟು ಬಾ. ಸರಿ ಮಾಡಿರ್ತೀನಿ.”

“ಮೋಸುಲಿನ ಕೆಲಸ ಇಷ್ಟೇನಾ!” ಬೀದಿಗೆಲ್ಲ ಕೇಳುವಂತೆ ಅಂದ ಅಧಿಕಾರಿ. ಪಕ್ಕದಂಗಡಿಯವರು ನಕ್ಕರು. ಉಸ್ತಾದರದೇ ಒಂದು ಲೇಖನಿ ಪೆಟ್ಟಿಗೆ ಎತ್ತಿಕೊಂಡು ನಡೆದ.

ಉಸ್ತಾದ್ ಉಳಿ ಒರೆಸುತ್ತಾ ಕೂತರು. “ತಟ್ಟೆ ಹುಡುಗಿಗೇ ಹೋಗ್ಲಿ, ಅವ್ನಿಗೆ ಬೇರೆ ಮಾಡ್ಕೊಡ್ತೀನಿ. ಹೋಗು ಹಮ್ದೂನಮ್ಮ. ಇವತ್ತು ಏನೂ ಮಾತಾಡ್ಬೇಡ.”

ಶಾಬಾನ್ ೧೮

ಖಾಲಿ ವೃತ್ತದಲ್ಲಿ ಒಂದು ಗುಲಾಬಿಯಾದರೂ ಕೂರಿಸೋಣ, ಅಮೀರ್ ಪದವಿಯಿಲ್ಲದ ವರನಿಗೆ ಗುರುತು ಹೇಗೂ ಇಲ್ಲ — ಹುಡುಗಿಗೆ ಹೇಳಿ ನೋಡಿದೆ. ಶಕ್ರಾ ತಲೆಯಾಡಿಸಿದಳು. “ಬೇಡಕ್ಕ. ಹಾಗೇ ಇರ್ಲಿ.”

ಶಾಬಾನ್ ೨೦, ಸಂಜೆ

ಮೆರವಣಿಗೆ ಎನ್ನಬಹುದಾದರೆ — ಮೆರವಣಿಗೆ. ಕೂಲಿಯವರ ತಲೆಯ ಮೇಲೆ ತಟ್ಟೆ, ದೀಪಸ್ತಂಭಗಳು. ಹಿಂದೆ ದಾದಿಯ ಕತ್ತೆಯ ಮೇಲೆ ಹುಡುಗಿ. ಡೋಲಿಲ್ಲ. ನಾನೊಬ್ಬಳೇ ನಾಲಿಗೆ ಹೊರಳಿಸಿ ಮಂಗಳದ ಉಲಿಯಿಟ್ಟೆ, ಇದ್ದ ಅರ್ಧ ಗಂಟಲಲ್ಲಿ. ತಟ್ಟೆ ಮೊದಲು ಹೊಸಲು ದಾಟಿತು.

ಜೌಹರಾ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಬೆರಳು ಸುತ್ತಲಿನ ಬಿರುದುಗಳನ್ನು ದಾಟಿ ನಡುವಿನ ಗೀರುಗಳ ಮೇಲೆ ನಿಂತಿತು. ನಾದಿನಿಯರು ಕತ್ತು ಚಾಚಿದರು.

“ಇಲ್ಲೇನಿತ್ತು?” ಅಂದಳು ಜೌಹರಾ.

ಉತ್ತರ ನನ್ನ ಬಾಯಲ್ಲಿ ಸಿದ್ಧವಿತ್ತು. ಹುಡುಗಿಯೇ ಮುಂದಾದಳು.

“ನಮ್ಮಪ್ಪ.”

ಜೌಹರಾ ಮುಸುಕಿನ ಅಂಚಿನಿಂದ ತಟ್ಟೆ ಒರೆಸಿದಳು. ಕೆಳಗಿಡದೆ, ತಾನೇ ಒಳಗೆ ಹೊತ್ತುಕೊಂಡು ಹೋದಳು.

ಯಾರಿಗೆ ಏನು ದಕ್ಕಿತು, ಬರೆದಿಡುತ್ತೇನೆ. ಸುಲ್ತಾನರಿಗೆ: ಬೋಗುಣಿ, ಹೂಜಿ, ಧೂಪದಾನಿ. ಅಧಿಕಾರಿಗೆ: ಲೇಖನಿ ಪೆಟ್ಟಿಗೆ. ಉಸ್ತಾದರಿಗೆ: ಹಿಡಿಯಷ್ಟು ಕಿತ್ತ ಬೆಳ್ಳಿ, ಬೀದಿಯ ನಗೆ. ಶಕ್ರಾಳಿಗೆ: ಗಂಡ, ಅತ್ತೆ, ತಟ್ಟೆ, ಜೋಡಿ ದೀಪ. ಅಮ್ಮನವರಿಗೆ: ದಾದಿಯ ಮನೆಯ ಒಂದು ಮೂಲೆ. ಅಮೀರರಿಗೆ: ಮಗಳು ಗಂಡನ ಮನೆ ಸೇರಿದಳೆಂಬ ಸುದ್ದಿ, ಯಾರಾದರೂ ಮುಟ್ಟಿಸಿದರೆ. ನನಗೆ: ಈ ಜಾಗ ಖಾಲಿ ಇರಲಿ, ಆ ವೃತ್ತದ ಹಾಗೆ.